ಮಿಸ್ತ್ರಿಯ ಟವೆಲಿನ ಗಂಟು

ಮಿಸ್ತ್ರಿ ತೀರಿಕೊಂಡರೆಂದು ಇವತ್ತು ಬೆಳಿಗ್ಗೆ ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ತಿಳಿಯಿತು. ರಾಮದುರ್ಗದ ಬಸ್ಸಿನಿಂದ ಇಳಿದ ಫಿಟ್ಟರ್ ಒಬ್ಬ, ನಮ್ಮ ಹಳೇ ಮಿಲ್ಲಿನವನೇ, ಚಹಾದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಹೇಳಿದ: "ನಿಮ್ಮ ಮಿಸ್ತ್ರಿ ಹೋದ್ರರಿ. ಮೊನ್ನೆ ಮಣ್ಣ ಆತು." ಮಣ್ಣಿಗೆ ಹೋಗಲು ತಡವಾಗಿತ್ತು. ಈ ನಾಲ್ಕು ಪುಟ ಬರೆಯಲು ತಡ ಮಾಡಬಾರದೆಂದು ಅಲ್ಲಿಯೇ ನಿಂತು ನಿಶ್ಚಯಿಸಿದೆ. ಕಚೇರಿಗೆ ರಜೆ ಹಾಕಿ ಮನೆಗೆ ಬಂದು, ಊಟಕ್ಕೂ ಏಳದೆ ಬರೆಯುತ್ತಿದ್ದೇನೆ. ನಾಳೆ ಬರೆದರಾಯಿತು ಎನ್ನುವ ಮಾತು ಅವರ ವಿಷಯದಲ್ಲಿ ಆಡಲು ನನಗೆ ಹಕ್ಕಿಲ್ಲ. ಒಮ್ಮೆ ಆಡಿದ್ದೇನೆ.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಬರೆಯುವಾಗ ಮನಸ್ಸು ಮೆತ್ತಗಾಗುತ್ತದೆ ಎನ್ನುತ್ತಾರೆ. ನನ್ನದು ಆಗಿಲ್ಲ. ಮಿಸ್ತ್ರಿ ಎಲ್ಲರನ್ನೂ ಕ್ಷಮಿಸಿ ಹೋದರು. ನಾನು ಯಾರನ್ನೂ ಕ್ಷಮಿಸಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಬಿ.ಎ. ಮುಗಿಸಿ ನಮ್ಮೂರು ಸಂಗೊಳ್ಳಿಗೆ ಬಂದು ಒಂದು ವರ್ಷ ಕಟ್ಟೆಯ ಮೇಲೆ ಕೂತ ನಂತರ, ಬೈಲಹೊಂಗಲದ ಹತ್ತಿ ಮಿಲ್ಲೊಂದರಲ್ಲಿ ಟೈಮ್‌ಕೀಪರ್ ಕೆಲಸ ಸಿಕ್ಕಿತು. ರೈತರು ಚಕ್ಕಡಿಯಲ್ಲಿ ತಂದ ಕಾಯಿಹತ್ತಿಯಿಂದ ಅರಳೆ ಬೇರೆ, ಬೀಜ ಬೇರೆ ಮಾಡುವ ಮಿಲ್ಲು ಅದು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಎಷ್ಟು ತಡ ಮಾಡಿದರು ಎಂದು ಹಾಜರಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಊರಿನವರ ತಡವನ್ನೆಲ್ಲ ಬರೆದಿಟ್ಟವನು ನಾನು.

ಮಿಸ್ತ್ರಿಯ ಹೆಸರೂ ಆ ಪುಸ್ತಕದಲ್ಲಿತ್ತು. ಆದರೆ ಆ ಹೆಸರಿನಿಂದ ಅವರನ್ನು ಕರೆದವರನ್ನು ನಾನು ಕಾಣಲಿಲ್ಲ. ಎಂಜಿನ್ನು, ಬೀಜ ಬೇರ್ಪಡಿಸುವ ಜಿನ್ನುಗಳು, ಮೇಲೆ ತಿರುಗುವ ಉದ್ದನೆಯ ಶಾಫ್ಟು, ಅದರ ಪಟ್ಟಾಗಳು, ಎಲ್ಲದಕ್ಕೂ ಅವರೊಬ್ಬರೇ ಮಿಸ್ತ್ರಿ. ಐವತ್ತು ದಾಟಿದ ಕುಳ್ಳ ಆಳು. ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಧೂಳು. ಮೀಸೆ ಮಾತ್ರ ಕರ್ರಗೆ ಮಿಂಚುತ್ತಿತ್ತು. ಜಿನ್ನಿಗೆ ಹತ್ತಿ ಹಾಕುವ ಹೆಣ್ಣಾಳುಗಳಲ್ಲಿ ಗಂಗವ್ವ ಎಂಬ ಬಾಯಿಗಾತಿ ಒಬ್ಬಳಿದ್ದಳು. "ಮೀಸಿಗೂ ಎಂಜಿನ್ನಿಗೂ ಒಂದ ಎಣ್ಣಿ ಹಾಕ್ತಾರ ನಮ್ಮ ಮಿಸ್ತ್ರಿ. ಎರಡೂ ಅದಕ್ಕ ಕರ್‍ರಗ ಅದಾವು" ಎಂದು ಎಲ್ಲರೆದುರು ಅನ್ನುತ್ತಿದ್ದಳು. ಮಿಸ್ತ್ರಿ ಮೀಸೆ ತಿರುವುತ್ತ, "ಎಂಜಿನ್ನಿಗಿ ನೀ ಹೆಸರ ಇಡಬ್ಯಾಡವಾ, ಅದು ನಿನಗಿಂತ ಕಮ್ಮಿ ಸಪ್ಪಳಾ ಮಾಡತೈತಿ" ಅನ್ನುವರು.

ಅವರ ಹೆಗಲ ಮೇಲೆ ಕೆಂಪು ಚೌಕಳಿಯ ಟವೆಲ್ ಒಂದಿರುತ್ತಿತ್ತು. ಅದರ ಒಂದು ಅಂಚಿನಲ್ಲಿ ಎಳೆಗಳು ಜೋಲುತ್ತಿದ್ದವು. ಯಾರಾದರೂ ಕೆಲಸ ಹೇಳಿ ಮಿಸ್ತ್ರಿ "ಆತ್ರಿ" ಎಂದರೆಂದರೆ, ಅಲ್ಲಿಯೇ ಎರಡು ಎಳೆ ಸೇರಿಸಿ ಗಂಟು ಹಾಕುವರು. ಕೆಲಸ ಮುಗಿದ ಮೇಲೆ ಬಿಚ್ಚುವರು. ಸಂಜೆ ಮಿಲ್ಲು ನಿಂತ ನಂತರ ಎಂಜಿನ್ ಕೋಣೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿ, ಮೊಣಕಾಲೂರಿ ಐದು ನಿಮಿಷ ಪ್ರಾರ್ಥನೆ ಮಾಡುವುದು ಅವರ ಪದ್ಧತಿ. ತಟ್ಟು ಹಾಸುವ ಮೊದಲು ಟವೆಲಿನ ಅಂಚನ್ನು ಬೆರಳಿನಲ್ಲಿ ಎಳೆದು ನೋಡುವರು. ಗಂಟು ಉಳಿದಿದ್ದರೆ ಮೊಣಕಾಲೂರುತ್ತಿರಲಿಲ್ಲ. ಪಾನಾ, ಇಕ್ಕಳ ತೆಗೆದುಕೊಂಡು ಹೊರಗೆ ಹೋಗಿ ಆ ಕೆಲಸ ಮುಗಿಸಿ ಬರುವರು.

ನಮ್ಮ ಅವ್ವ ಒಮ್ಮೆ ಅವರ ಮುಂದೆ ಸ್ಟವ್ ಹತ್ತವಲ್ಲದು ಅಂದಿದ್ದಳು, ಹಬ್ಬಕ್ಕೆ ಮನೆಗೆ ಕರೆದಾಗ. ಸಾಮಾನು ಇಲ್ಲದೆ ಅವತ್ತು ಆಗಲಿಲ್ಲ. ಮಿಸ್ತ್ರಿ ಬೈಲಹೊಂಗಲಕ್ಕೆ ಹೋಗಿ ವಾಶರ್ ತೆಗೆದುಕೊಂಡು ಅದೇ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಸಂಗೊಳ್ಳಿಗೆ ಹೊಳ್ಳಿ ಬಂದರು. ಅವ್ವ ಗಾಬರಿಯಾಗಿ, "ಯಪ್ಪಾ, ನಾಳೆ ಮಾಡಿದ್ರ ನಡೀತಿತ್ತಲ್ಲೋ" ಎಂದಳು.

"ನಾಳೆ ಅನ್ನಾಕ ನನಗ ಬರೂದಿಲ್ರಿ ಅವ್ವಾರ. ಬಹಳ ವರ್ಷ ಅಂದು ಅಂದು ಬಾಯಿ ಸವದ ಹೋಗೈತಿ."

ಅದು ಚೇಷ್ಟೆಯ ಮಾತೆಂದು ನಾನು ತಿಳಿದಿದ್ದೆ. ಅಲ್ಲವೆಂದು ಒಂದು ಮಧ್ಯಾಹ್ನ, ಬುತ್ತಿ ಬಿಚ್ಚಿ ಕೂತಾಗ ಗೊತ್ತಾಯಿತು. ಪ್ರಾಯದಲ್ಲಿ ರಾಮದುರ್ಗದಲ್ಲಿ ಅವರನ್ನು ಜನ 'ನಾಳೆ ಮಿಸ್ತ್ರಿ' ಎಂದೇ ಕರೆಯುತ್ತಿದ್ದರಂತೆ. ಒಪ್ಪಿಕೊಂಡ ಕೆಲಸ ಒಂದನ್ನೂ ಹೊತ್ತಿಗೆ ಮುಗಿಸಿದವರಲ್ಲ. ನೇಕಾರಿಕೆ ಮಾಡುತ್ತಿದ್ದ ಅವರ ತಮ್ಮನ ಜೊತೆ ಒಂದು ಗೋಡೆಯ ಸಲುವಾಗಿ ಜಗಳವಾಗಿ ಮಾತು ಬಿಟ್ಟಿತ್ತು. ತಪ್ಪು ತಮ್ಮದೇ ಎಂದು ಮಿಸ್ತ್ರಿಗೆ ಗೊತ್ತಿತ್ತು. ಹೋಗಿ ಒಂದು ಮಾತು ಆಡಬೇಕೆಂದು ಪ್ರತಿ ಕ್ರಿಸ್‌ಮಸ್ಸಿಗೂ ಅಂದುಕೊಳ್ಳುವರು. ಮುಂದಿನ ಹಬ್ಬಕ್ಕೆ ಹೋದರಾಯಿತು ಎಂದು ಬಿಡುವರು. ಹನ್ನೊಂದು ಹಬ್ಬ ಹೀಗೆ ಹೋದವು. ಕಡೆಗೆ ಹೋದದ್ದು ತಮ್ಮನ ಮಣ್ಣಿಗೆ.

"ಕುಣಿ ಮುಂದ ನಿಂತು ಎದಿ ಎದಿ ಬಡಕೊಂಡ್ನಿರಿ," ಎಂದರು ಮಿಸ್ತ್ರಿ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ. "ದೇವರ ಮುಂದ ದಿನಾ ಕ್ಷಮಾ ಕೇಳೇನಿ, ಅವನ ಮುಂದ ಒಂದ ಸಲ ಕೇಳಲಿಲ್ಲ ಅಂದೆ. ಆಗ ನಮ್ಮ ಚರ್ಚಿನ ಅಯ್ಯನೋರು ನನ್ನ ಬಡಕೊಳ್ಳಾಕೂ ಬಿಡಲಿಲ್ಲ. ರಟ್ಟಿ ಹಿಡದು ಕೇಳಿದ್ರು: ದೇವರು ಕಾಯ್ತಾನೋ, ಅವಂಗ ಹೊತ್ತು ಭಾಳ ಐತಿ. ನಿನ್ನ ತಮ್ಮಗ ಇತ್ತೇನ?"

ಹುಟ್ಟಿನಿಂದ ತಾವು ಕ್ರೈಸ್ತರೇ ಆಗಿದ್ದರೂ ನಿಜವಾಗಿ ಆದದ್ದು ಆ ಕುಣಿಯ ಮುಂದೆ ಎಂದು ಅವರು ಹೇಳುತ್ತಿದ್ದರು. ಕಾಯಬಲ್ಲವನ ಮುಂದೆ ಮೊಣಕಾಲೂರುವ ಮೊದಲು, ಕಾಯಲಾರದವರ ಕೆಲಸ ಮುಗಿದಿರಬೇಕು. ಅವರ ಧರ್ಮ ನನಗೆ ತಿಳಿದದ್ದು ಇಷ್ಟೇ. ಬೇರೆ ಏನನ್ನೂ ಅವರು ನನಗೆ ಬೋಧಿಸಲಿಲ್ಲ. ನನ್ನ ಕೊರಳಿನ ಲಿಂಗವನ್ನು ನೋಡಿ, "ನಿಮ್ಮವನೂ ಕಾಯ್ತಾನ್ರಿ. ಆದ್ರ ಹಂಗಂತ ಕಾಯಿಸಬ್ಯಾಡ್ರಿ" ಎಂದಿದ್ದರು, ಅಷ್ಟೇ.

ತಿಂಗಳಿಗೊಮ್ಮೆ ಧಾರವಾಡದಿಂದ ಅದೇ ಅಯ್ಯನವರು ಬಂದು, ಬೈಲಹೊಂಗಲದ ನಾಲ್ಕೈದು ಮನೆಯವರನ್ನು ಕೂಡಿಸಿಕೊಂಡು ಆರಾಧನೆ ನಡೆಸುತ್ತಿದ್ದರು. ಒಂದು ಭಾನುವಾರ ಹಾಡಿನ ನಡುವೆ ಮಿಸ್ತ್ರಿಯ ಕೈ ಟವೆಲಿಗೆ ತಾಗಿ ಗಂಟೊಂದು ಸಿಕ್ಕಿತಂತೆ. ಕಿತ್ತೂರಿನ ಒಬ್ಬ ಮುದುಕಿಯ ಬಾವಿಯ ಗಡಗಡಿ ಮುರಿದಿತ್ತು. ಅವತ್ತು ಬರುತ್ತೇನೆಂದು ಮಾತು ಕೊಟ್ಟಿದ್ದರು. ಎದ್ದು ಹೊರಟರು. ಅಯ್ಯನವರು ಬಾಗಿಲಲ್ಲಿ ತಡೆದು, ದೇವರ ಸನ್ನಿಧಿ ಬಿಟ್ಟು ಎಲ್ಲಿಗೆ ಎಂದು ಕೇಳಿದ್ದಕ್ಕೆ, "ದೇವರು ಕಾಯ್ತಾನಂತ ನೀವ ಹೇಳಿದ್ರಲ್ರಿ ಅಯ್ಯನೋರ, ಮುದಿಕಿ ನೀರಿಲ್ಲದ ಕಾಯಾಂಗಿಲ್ಲ" ಎಂದು ಕಿತ್ತೂರಿನ ಬಸ್ಸು ಹಿಡಿದರು.

ಇಷ್ಟು ಹೇಳಿದರೆ ಮಿಸ್ತ್ರಿ ಸಾಧುವೆಂದು ಅನ್ನಿಸಬಹುದು. ಅವರ ಜೊತೆ ಕೆಲಸ ಮಾಡುವುದು ಕಷ್ಟವಿತ್ತು. ಹೊತ್ತು ಮೀರಿದರೆ ಪಾನಾ ಎಸೆಯುವರು. ಮಧ್ಯಾಹ್ನ ನಿದ್ದೆ ಮಾಡುವವರನ್ನು ಎಬ್ಬಿಸುವುದೆಂದರೆ ಅವರಿಗೆ ಖುಷಿ. ನಶ್ಯದ ಚಟವಂತೂ ಬಿಡಲಿಲ್ಲ. ಗಂಗವ್ವ ಒಮ್ಮೆ, "ನಶ್ಯಾ ಬಿಡೂದಕ್ಕ ಒಂದು ಗಂಟ ಹಾಕ್ರಿ ನೋಡೂಣು" ಎಂದಳು. ಮಿಸ್ತ್ರಿ ಮೂಗಿಗೆ ಏರಿಸಿ, ಕಣ್ಣೊರೆಸಿಕೊಂಡು ಅಂದರು: "ಹಾಕಿದ್ರ ಇವತ್ತ ಬಿಡಬೇಕಾಕ್ಕೈತಲ್ಲವಾ!"

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ.

ಜಿನ್ನುಗಳಿದ್ದ ಉದ್ದನೆಯ ಶೆಡ್ಡಿಗೆ ಎರಡು ಬಾಗಿಲು. ಮುಂದಿನದು ದೊಡ್ಡದು, ಅದರ ಒಳಮಗ್ಗುಲಿಗೇ ಕಾಯಿಹತ್ತಿಯ ರಾಶಿ, ಆಳೆತ್ತರ. ಹಿಂದಿನದು ತಗಡು ಹೊಡೆದ ಸಣ್ಣ ಬಾಗಿಲು. ಅದಕ್ಕೆ ಹೊರಗಿನಿಂದ ಬೀಗ. ಕೀಲಿಕೈ ಮ್ಯಾನೇಜರನ ಕಿಸೆಯಲ್ಲಿ. ಹೆಣ್ಣಾಳುಗಳು ಮಡಿಲಲ್ಲಿ ಎರಡು ಹಿಡಿ ಹತ್ತಿ ಒಯ್ಯುತ್ತಾರೆ, ದಿಂಬಿಗೆ ತುಂಬಿಕೊಳ್ಳುತ್ತಾರೆ ಎಂಬುದು ಅವನ ಸಂಕಟ. ಆ ಬೀಗ ತೆಗೆಸಿ ಎಂದು ಮಿಸ್ತ್ರಿ ನನ್ನ ಎದುರಿಗೇ ಮೂರು ಸಲ ಹೇಳಿದ್ದಾರೆ. ಮೂರು ಸಲವೂ ಅವನದು ಒಂದೇ ಮಾತು: "ಮುಂದಿನ ವಾರ ನೋಡೋಣು." ಮೂರನೆಯ ಸಲ ಹೇಳಿದಾಗ ಅವನು ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ಕಣ್ಣು ತೆರೆಯದೆಯೇ ಹೇಳಿದ. ಆ ಮುಚ್ಚಿದ ರೆಪ್ಪೆಗಳನ್ನು ನಾನು ಮರೆತಿಲ್ಲ.

ಹೊರಗೆ ಬಂದ ಮಿಸ್ತ್ರಿ ನನ್ನನ್ನು ಕೇಳಿದರು: "ಡಿಗ್ರಿಯವರ, ಬೆಳಗಾವ್ಯಾಗ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಸಾಹೇಬ್ರು ಅದಾರಂತಲ್ಲ. ಒಂದು ಅರ್ಜಿ ಬರದು ಹಾಕತೀರೇನು? ನಾ ಬರದ್ರ ಯಾರೂ ಓದೂದಿಲ್ಲ. ನೀವು ಕಲತವರು."

"ಆತ್ರಿ ಮಿಸ್ತ್ರಿಯರ. ಹಾಕತೇನಿ" ಎಂದೆ.

ಅವರ ಕೈ ಟವೆಲಿನ ಅಂಚಿಗೆ ಹೋದದ್ದನ್ನು ಕಂಡೆ. ಬೇರೆ ಯಾವುದೋ ಕೆಲಸಕ್ಕೆ ಇರಬೇಕು ಅಂದುಕೊಂಡೆ. ಮಾತು ಕೊಟ್ಟವನು ನಾನು. ಅವರೇಕೆ ಗಂಟು ಹಾಕಿಕೊಳ್ಳುತ್ತಾರೆ?

ಅರ್ಜಿ ಅವತ್ತೇ ಬರೆದೆ, ಇಂಗ್ಲಿಷಿನಲ್ಲಿ, ಚೆನ್ನಾಗಿಯೇ ಬರೆದೆ. ಮೂರು ಸಲ ಕೇಳಿದ್ದು, ಮ್ಯಾನೇಜರನ ಉತ್ತರ, ಎಲ್ಲವನ್ನೂ ಸೇರಿಸಿ, ತಾರೀಖು ಹಾಕಿ, ಸಹಿ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಮಿಲ್ಲಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಪೋಸ್ಟ್ ಆಫೀಸು. ಮೊದಲ ದಿನ ಅದು ಮುಚ್ಚಿತ್ತು. ಎರಡನೆಯ ದಿನ ಸಂಗೊಳ್ಳಿಯ ಬಸ್ಸು ಬಿಡುವುದರಲ್ಲಿತ್ತು. ಮೂರನೆಯ ದಿನ, ಇದನ್ನು ಇನ್ನೊಮ್ಮೆ ಚೊಕ್ಕವಾಗಿ ಬರೆಯಬೇಕು ಅನ್ನಿಸಿತು. ಆಮೇಲೆ ಹೆದರಿಕೆ ಹುಟ್ಟಿತು: ಮ್ಯಾನೇಜರನಿಗೆ ಗೊತ್ತಾದರೆ? ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಗದವನ್ನು ಕಿಸೆಯಿಂದ ಮೇಜಿನ ಖಾನೆಗೆ ಹಾಕಿದೆ. ಮಿಸ್ತ್ರಿ ಒಂದೇ ಸಲ ಕೇಳಿದರು, "ಹಾಕಿದ್ರೇನ್ರಿ?"

"ನಾಳೆ ಹಾಕತೇನ್ರಿ."

ಅವರು ನಶ್ಯದ ಡಬ್ಬಿ ತೆಗೆದು, ಹಾಗೇ ಮುಚ್ಚಿ ಒಳಗೆ ಹೋದರು.

ತಮ್ಮ ಕೈಯಲ್ಲಿದ್ದುದನ್ನು ಮಾತ್ರ ಅವರು ಆ ವಾರವೇ ಮಾಡಿದ್ದರು. ಹಿಂದಿನ ಬಾಗಿಲು ಒಳಕ್ಕೆ ತೆರೆಯುವಂಥದು, ಹಾಗಾಗಿ ಅದನ್ನು ಚೌಕಟ್ಟಿಗೆ ಹಿಡಿದಿಟ್ಟ ಬಿಜಾಗರಿಗಳು ಒಳಗಿದ್ದವು. ಮೂರು ಬಿಜಾಗರಿಗಳ ತುಕ್ಕು ಹಿಡಿದ ಕಡ್ಡಿಗಳನ್ನು ಕಿತ್ತು, ಗ್ರೀಸ್ ಹಚ್ಚಿದ ಹೊಸ ಕಡ್ಡಿ ತೂರಿಸಿಟ್ಟಿದ್ದರು. ಕೆಳಗಿನಿಂದ ಸುತ್ತಿಗೆಯ ಒಂದೊಂದು ಏಟು ಕೊಟ್ಟರೆ ಕಡ್ಡಿ ಹಾರಿ, ಬೀಗ ಹಾಗೆಯೇ ಇದ್ದರೂ ಬಾಗಿಲು ಒಳಕ್ಕೆ ಬೀಳಬೇಕು. ನನ್ನೊಬ್ಬನನ್ನೇ ಕರೆದು ತೋರಿಸಿದರು. "ಕೀಲಿ ಅವರದು, ಬಿಜಾಗರಿ ನಂದು. ಹೆಣಮಕ್ಕಳಿಗಿ ಈಗ ಹೇಳಬ್ಯಾಡ್ರಿ, ಮ್ಯಾನೇಜರನ ಕಿವಿಗಿ ಬೀಳತೈತಿ. ಹೊತ್ತ ಬಂದ್ರ ನೀವು ಒದರಿ ಹೇಳ್ರಿ, ನಾ ಕಡ್ಡಿ ಹಾರಸ್ತೇನಿ."

ಅದಕ್ಕೂ "ಆತ್ರಿ" ಎಂದಿದ್ದೆ.

ಆ ದಿನಗಳಲ್ಲೇ ಅವರು ಸಂಜೆ ನಿಂತುಕೊಂಡು ಪ್ರಾರ್ಥನೆ ಮಾಡಲು ಶುರುಮಾಡಿದ್ದು. ಗೋಣಿತಟ್ಟು ಮೂಲೆಯಲ್ಲಿ ಸುತ್ತಿಟ್ಟಲ್ಲೇ ಇರುತ್ತಿತ್ತು. ನಾನು, ವಯಸ್ಸಾಯಿತು, ಮೊಣಕಾಲು ನೋಯುತ್ತಿರಬೇಕು ಅಂದುಕೊಂಡೆ. ಗಂಗವ್ವ ಕೇಳಿಯೇ ಬಿಟ್ಟಳು: "ಯಾಕ ಮಿಸ್ತ್ರಿ, ನಿಮ್ಮ ದೇವರು ಕುಂದರಾಕ ಜಾಗಾ ಕೊಡವಲ್ಲನೇನ?"

"ಮೊಣಕಾಲಿಗೇನೂ ಆಗಿಲ್ಲವಾ. ಒಂದು ಕೆಲಸ ಉಳದೈತಿ."

ಅರ್ಜಿ ಬರೆದ ಇಪ್ಪತ್ತೆರಡನೆಯ ದಿನ, ಮಧ್ಯಾಹ್ನ ಮೂರಕ್ಕೆ, ಹಾಜರಿ ತೆಗೆದುಕೊಳ್ಳಲು ನಾನು ಶೆಡ್ಡಿನೊಳಗೆ ಹೋದೆ. ಮೂವತ್ತು ಹೆಣ್ಣುಮಕ್ಕಳಿದ್ದರು. ಗಂಗವ್ವ ಮೊದಲ ಸಾಲಿನ ನಡುವೆ. ಮಿಸ್ತ್ರಿ ಹಿಂದುಗಡೆ ಪಟ್ಟಾ ಬಿಗಿಯುತ್ತಿದ್ದರು. ಕಾಯಿಹತ್ತಿಯಲ್ಲಿ ಬಂದ ಯಾವುದೋ ಕಲ್ಲೋ ಮೊಳೆಯೋ ಜಿನ್ನಿನ ಬಾಯಿಗೆ ಸಿಕ್ಕಿ ಕಿಡಿ ಹಾರಿತು. ಒಂದೇ ಕಿಡಿ. ನಾನು ನೋಡಿದೆ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ: ಅರಳೆಯ ಮೇಲೆ ಸಾಸಿವೆಯಷ್ಟು ಕೆಂಪು. ಹತ್ತಿಗೆ ಬಿದ್ದ ಬೆಂಕಿ ಓಡುತ್ತದೆ. ನೆಲದ ಮೇಲಿನ ಧೂಳು ಹಿಡಿದು ಅದು ಮುಂದಿನ ಬಾಗಿಲಿನ ರಾಶಿಗೆ ಓಡಿತು. ಹೊಗೆ ತಲೆಯ ಮಟ್ಟಕ್ಕೆ ಇಳಿಯಿತು.

"ಹಿಂದಕ ಬರ್ರೇ! ಹಿಂದಕ!" ಮಿಸ್ತ್ರಿ ಒದರಿದರು. ಪೀಪಾಯಿಯ ನೀರಿನಲ್ಲಿ ಟವೆಲ್ ಅದ್ದಿ ತಲೆಗೆ ಸುತ್ತಿಕೊಂಡು ಸುತ್ತಿಗೆ ಹಿಡಿದು ಓಡುತ್ತಿದ್ದರು.

"ಅಲ್ಲಿ ಕೀಲಿ ಹಾಕೈತ್ರೇ! ಸಾಯ್ತೀರಿ, ಮುಂದ ಓಡ್ರೇ!" ಎಂದಳು ಗಂಗವ್ವ.

ಅವಳು ಹೇಳಿದ್ದು ನಿಜ. ಆ ಬಾಗಿಲಿಗೆ ವರ್ಷಗಟ್ಟಲೆ ಬೀಗ ಇತ್ತು. ಅದು ಬಾಗಿಲೆಂಬುದೇ ಆ ಹೆಣ್ಣುಮಕ್ಕಳಿಗೆ ಮರೆತು ಹೋಗಿತ್ತು. ಬಿಜಾಗರಿಯ ವಿಷಯ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಏಟು ಹಾಕುತ್ತಿದ್ದರು. ಇನ್ನೊಬ್ಬ ಹಾಜರಿ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಗಂಗವ್ವ ನನ್ನ ಮುಂದೆಯೇ, ತೋಳು ತಾಗುವಷ್ಟು ಹತ್ತಿರದಿಂದ ಓಡಿದಳು. ಬಾಯಿ ತೆರೆದೆ. ದನಿ ಬರಲಿಲ್ಲ. ಈ ಏಳೆಂಟು ವರ್ಷಗಳಲ್ಲಿ ನಾನು ಎಷ್ಟು ಸಲ ಆ ಜಾಗದಲ್ಲಿ ನಿಂತು, ಎಷ್ಟು ದೊಡ್ಡ ದನಿಯಲ್ಲಿ "ಕಡ್ಡಿ ಬಿಚ್ಚತಾವ, ಹಿಂದಕ ಬಾ" ಎಂದು ಒದರಿದ್ದೇನೆಂದು ನನ್ನ ಹೆಂಡತಿಗೆ ಗೊತ್ತು; ಅವಳು ನನ್ನನ್ನು ಅಲುಗಿಸಿ ಎಬ್ಬಿಸುತ್ತಾಳೆ.

ಒಂದು, ಎರಡು, ಮೂರು. ಬಾಗಿಲು ಒಳಕ್ಕೆ ಬಿತ್ತು, ಬೆಳಕು ಬಂತು. ಬೆಳಕು ಕಂಡ ಮೇಲೆ ಹೆಣ್ಣುಮಕ್ಕಳು ತಿರುಗಿದರು. ಬೀಗದ ಕಡೆ ಇನ್ನೂ ಜೋತಿದ್ದ ಕಾದ ತಗಡನ್ನು ಮಿಸ್ತ್ರಿ ಬರಿಗೈಯಲ್ಲಿ ಎತ್ತಿ ಹಿಡಿದು ನಿಂತರು. ಒಬ್ಬೊಬ್ಬರೇ ಅವರ ಕಂಕುಳಡಿಯಿಂದ ನುಸುಳಿ ಹೊರಗೆ ಬಂದೆವು. ಹೌದು, ನಾನೂ. ಗಂಗವ್ವ ಮುಂದಿನ ಬಾಗಿಲಿನಲ್ಲಿ ಇಬ್ಬರು ಹುಡುಗಿಯರನ್ನು ಹೊರಕ್ಕೆ ನೂಕಿದಳಂತೆ. ಅಷ್ಟರಲ್ಲಿ ಉರಿಯುವ ರಾಶಿ ಜರಿದು ಅವಳ ಮೇಲೆ ಬಿತ್ತು. ಎರಡು ದಿನ ದವಾಖಾನೆಯಲ್ಲಿದ್ದು ತೀರಿಕೊಂಡಳು.

ಅಂದಿನಿಂದ ಯಾವ ಕೋಣೆಗೆ ಹೋದರೂ, ಸಿನಿಮಾ ಥಿಯೇಟರಿರಲಿ, ಮದುವೆಯ ಮನೆಯಿರಲಿ, ಮೊದಲು ಹಿಂದಿನ ಬಾಗಿಲು ಹುಡುಕುತ್ತೇನೆ. ಮ್ಯಾನೇಜರ್ ಈಗ ಸವದತ್ತಿಯಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಚಹಾದಂಗಡಿಯಲ್ಲಿ ಸಿಕ್ಕಾಗಲೆಲ್ಲ, ನಾಲ್ಕು ಜನರ ನಡುವೆ, ಕೈ ಮುಗಿದು, ಮರ್ಯಾದೆಯಿಂದ ಕೇಳುತ್ತೇನೆ: "ಸಾಹೇಬ್ರ, ಹಿಂದಿನ ಬಾಗಲಾ ತಗಸಿದ್ರೇನ್ರಿ?" ಅವನು ಚಹಾ ಬಿಟ್ಟು ಎದ್ದು ಹೋಗುತ್ತಾನೆ. ಈವರೆಗೆ ಮೂರು ಚಹಾದಂಗಡಿ ಬದಲಾಯಿಸಿದ್ದಾನೆ. ಮೂರೂ ಕಡೆ ಹುಡುಕಿ ಹೋಗಿದ್ದೇನೆ. ಸವದತ್ತಿ ಸಣ್ಣ ಊರು.

ಬೆಂಕಿ ಬಿದ್ದ ಎಂಟನೆಯ ದಿನ ಬೆಳಗಾವಿಯಿಂದ ಇನ್ಸ್‌ಪೆಕ್ಟರ್ ವಿಚಾರಣೆಗೆ ಬಂದರು. ಅದರ ಹಿಂದಿನ ದಿನ ಮಿಸ್ತ್ರಿಯ ಮನೆಗೆ ಹೋಗಿದ್ದೆ. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಮ್ಯಾನೇಜರ್ ಆಗಲೇ ಊರೆಲ್ಲ ಹಬ್ಬಿಸಿದ್ದ: ಮಿಸ್ತ್ರಿ ಬೇರಿಂಗಿಗೆ ಗ್ರೀಸ್ ಹಾಕಿರಲಿಲ್ಲ, ಅದು ಕಾದು ಬೆಂಕಿ ಬಿತ್ತು ಎಂದು. ವರದಿಯಲ್ಲಿ ಹಾಗೇ ಬಂದರೆ ಗಂಗವ್ವನ ಸಾವು ಮಿಸ್ತ್ರಿಯ ತಲೆಗೆ. ಕೆಲಸ ಹೋಗುವುದಲ್ಲದೆ ಪೊಲೀಸ್ ಕೇಸು ಬೇರೆ. ದಿನವೂ ಕೆಲಸ ಮುಗಿಸದೆ ದೇವರ ಮುಂದೆ ಹೋಗದ ಮನುಷ್ಯ ಕೆಲಸಗಳ್ಳನಾಗಿ ಸಾಯಬೇಕಿತ್ತು.

"ನಿಮಗ ಸಿಟ್ಟು ಬರೂದಿಲ್ಲೇನ್ರಿ?" ಎಂದೆ. "ಅವನನ್ನು ಸುಮ್ಮನ ಬಿಡ್ತೀರೇನು?"

"ಬರತೈತಿ. ಯಾಕ ಬರೂದಿಲ್ಲ? ಅವನ ಕುತಿಗಿ ಹಿಚುಕಬೇಕನಸತೈತಿ. ಕೈ ಹಿಂಗಾದದ್ದು ಚಲೋ ಆತು." ನಕ್ಕರು. "ಸೇಡಿಗೆ ನಾ ಗಂಟು ಹಾಕೂದಿಲ್ರಿ. ಹಾಕಿದ್ರ ಇವತ್ತ ತೀರಿಸಬೇಕಾಕ್ಕೈತಿ. ಅದು ನನ್ನ ಪಾಳಿ ಅಲ್ಲ. ಮ್ಯಾಲಿನವನ ಪಾಳಿ."

ನನ್ನ ಪಾಳಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ವಿಚಾರಣೆ ಮಿಲ್ಲಿನ ಕಚೇರಿಯಲ್ಲಿ ನಡೆಯಿತು. ಬಾಗಿಲಿನ ಬಳಿ ಗಂಗವ್ವನ ಮಗಳು ಸೆರಗನ್ನು ಮುಷ್ಟಿಯಲ್ಲಿ ಮುದುಡಿ ಹಿಡಿದುಕೊಂಡು ನಿಂತಿದ್ದಳು. ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ಬೇರಿಂಗಿನ ಕತೆ ಹೇಳಿದ. ಹಿಂದಿನ ಬಾಗಿಲಿನ ಬೀಗ ತೆಗೆಯಬೇಕೆಂದು ತನಗೆ ಯಾರೂ, ಎಂದೂ ಹೇಳಿರಲಿಲ್ಲ ಎಂದ. ಕಣ್ಣು ತೆರೆದುಕೊಂಡೇ ಹೇಳಿದ. ಮಿಸ್ತ್ರಿ ತಮ್ಮ ಸರದಿಗೆ, "ಗ್ರೀಸ್ ಮುಂಜಾನೆ ಹಾಕಿದ್ನಿರಿ. ಬಾಗಲದ ಮಾತು ಮೂರು ಸಲ ಹೇಳಿದ್ನಿರಿ" ಎಂದು ಎರಡೇ ಮಾತು ಆಡಿ ಕೂತರು.

ಆಗ ನಾನು ಎದ್ದು ಖಾನೆಯಿಂದ ತಂದಿದ್ದ ಅರ್ಜಿಯನ್ನು ಸಾಹೇಬರ ಮುಂದಿಟ್ಟೆ. ಸತ್ಯಕ್ಕಾಗಿ ಇಟ್ಟೆನೆಂದರೆ ಸುಳ್ಳಾಗುತ್ತದೆ. ಮ್ಯಾನೇಜರನ ಮುಖ ನೋಡಬೇಕೆಂದು ಇಟ್ಟೆ. ಸಾಹೇಬರು ಓದುತ್ತ ಹೋದಂತೆ ಅವನ ಕೊರಳಿನಲ್ಲಿ ಬೆವರು ಇಳಿದು ಇಸ್ತ್ರಿಯ ಕಾಲರು ಮೆತ್ತಗಾದದ್ದನ್ನು ಕಣ್ತುಂಬ ನೋಡಿದೆ. ಆ ಸುಖವನ್ನು ಇಲ್ಲ ಎನ್ನಲಾರೆ. ಅದು ಅರ್ಧ ನಿಮಿಷ ಇತ್ತು.

ಸಾಹೇಬರು ತಾರೀಖು ನೋಡಿ ತಲೆ ಎತ್ತಿದರು. "ಬೆಂಕಿಗಿಂತ ಇಪ್ಪತ್ತೆರಡು ದಿನ ಮೊದಲು ಬರೆದದ್ದು. ನಮ್ಮ ಕಚೇರಿಗೆ ಯಾಕೆ ಬರಲಿಲ್ಲ?"

"ಟಪಾಲಿಗೆ ಹಾಕಿರಲಿಲ್ಲ."

"ಯಾಕೆ?"

ಪೋಸ್ಟ್ ಆಫೀಸು ಮುಚ್ಚಿತ್ತು ಎನ್ನಲೇ? ಬಸ್ಸು ಬಿಡುವುದರಲ್ಲಿತ್ತು ಎನ್ನಲೇ? ಗಂಗವ್ವನ ಮಗಳು ಅಲ್ಲಿಯವರೆಗೆ ಮ್ಯಾನೇಜರನನ್ನೇ ನೋಡುತ್ತಿದ್ದಳು. ಆಗ ಕಣ್ಣು ತಿರುಗಿಸಿ ನನ್ನನ್ನು ನೋಡಿದಳು. ಅವನನ್ನು ಹೇಗೆ ನೋಡಿದ್ದಳೋ ಹಾಗೆಯೇ. ಮ್ಯಾನೇಜರ್ ಕಾಲರು ಸರಿ ಮಾಡಿಕೊಂಡು ನಕ್ಕ. "ಬಾಗಲಕ್ಕ ಕೀಲಿ ನಾ ಹಾಕಿದ್ದೆ, ಹೌದ್ರಿ ಸಾಹೇಬ್ರ. ಈ ಡಿಗ್ರಿಯವರ ಬಾಯಿಗಿ ಯಾರು ಹಾಕಿದ್ರು ಕೇಳ್ರಿ."

ಶೆಡ್ಡಿನಲ್ಲಿ ನನ್ನ ದನಿ ಹೊರಡದ ವಿಷಯ ಅವನಿಗೆ ಗೊತ್ತಿರಲಿಲ್ಲ. ಆದರೂ ಕಲ್ಲು ಸರಿಯಾದ ಜಾಗಕ್ಕೇ ಬಿತ್ತು. ಅದಕ್ಕೇ ಅವನನ್ನು ಇನ್ನೂ ಬಿಟ್ಟಿಲ್ಲ.

ವರದಿಯಲ್ಲಿ ಮಿಸ್ತ್ರಿಯ ಮೇಲೆ ತಪ್ಪು ಹೊರಿಸಲಿಲ್ಲ. ಮ್ಯಾನೇಜರ್ ಆ ತಿಂಗಳೇ ಮಿಲ್ಲು ಬಿಡಬೇಕಾಯಿತು. ನಾನೂ ಬಿಟ್ಟೆ, ಬಿಡು ಎಂದು ಯಾರೂ ಹೇಳುವ ಮೊದಲೇ. ಇವೆಲ್ಲ ಆಮೇಲಿನವು. ಆ ಮಧ್ಯಾಹ್ನ ಕಚೇರಿಯಿಂದ ಹೊರಗೆ ಬಂದು ಅಂಗಳದಲ್ಲೇ ನಿಂತೆ. ಮಿಸ್ತ್ರಿ ಹಿಂದಿನಿಂದ ಬಂದರು. ಬೈಯುತ್ತಾರೆಂದು ಕಾದೆ.

"ಇದನ್ನಷ್ಟು ಬಿಚ್ಚಿ ಕೊಡ್ರಿ. ನನ್ನ ಬೆರಳು ಬಗ್ಗೂದಿಲ್ಲ" ಎಂದು ಹೆಗಲು ನನ್ನತ್ತ ಬಾಗಿಸಿದರು.

ಟವೆಲಿನ ಅಂಚು ಸುಟ್ಟು ಕಪ್ಪಾಗಿತ್ತು. ಅದರಲ್ಲಿ ಒಂದೇ ಒಂದು ಗಂಟು.

"ಯಾವುದ್ರಿ ಇದು?"

"ನೀವು ಅರ್ಜಿ ಹಾಕತೇನಿ ಅಂದ ದಿನದ್ದು. ನಿಮಗ ಕೆಲಸ ಹಚ್ಚಿದಾಂವ ನಾನಲ್ರಿ? ಮುಗಿಯೂತನ ಅದು ನಂದೂ ಹೌದು. ಇವತ್ತ ಸಾಹೇಬ್ರ ಕೈಗಿ ಮುಟ್ಟಿತು. ದಿನಾ ಕೇಳಬೇಕಿತ್ತು ನಿಮ್ಮನ್ನ. ಕಲತವರು, ಬ್ಯಾಸರ ಆಕ್ಕಾರ ಅಂತ ಬಿಟ್ಟೆ. ಅದು ನನ್ನ ತಪ್ಪು."

ಒಂದು ತಿಂಗಳು. ಒಂದು ತಿಂಗಳು ಆ ಮನುಷ್ಯ ನಿಂತುಕೊಂಡಿದ್ದದ್ದು ನನಗಾಗಿ. ಗಂಟು ಎಣ್ಣೆ ಕುಡಿದು, ಬೆಂಕಿಗೆ ಒಣಗಿ ಕಲ್ಲಾಗಿತ್ತು. ಉಗುರಿಗೆ ಬರಲಿಲ್ಲ. ಹಲ್ಲು ಹಚ್ಚಿ ಬಿಚ್ಚಿದೆ. ಬಾಯಲ್ಲಿ ಸುಟ್ಟ ಹತ್ತಿಯ ರುಚಿ ಬಂತು; ಅದು ಹೋಗಿಲ್ಲ.

ಮಿಸ್ತ್ರಿ ಅಲ್ಲೇ, ಮಿಲ್ಲಿನ ಅಂಗಳದ ಬರಿಯ ಮಣ್ಣಿನಲ್ಲಿ, ಬ್ಯಾಂಡೇಜಿನ ಕೈಗಳನ್ನು ಎದೆಗೆ ಹಚ್ಚಿಕೊಂಡು ಮೊಣಕಾಲೂರಿದರು. ಎಂದೂ ತುಟಿ ಅಲುಗಿಸದೆ ಪ್ರಾರ್ಥಿಸುವವರು ಅವತ್ತು ಬಾಯಿ ಬಿಟ್ಟು, ಪಕ್ಕದಲ್ಲಿ ನಿಂತ ನನಗೆ ಕೇಳುವಂತೆ ಇಬ್ಬರಿಗಾಗಿ ಕ್ಷಮೆ ಬೇಡಿದರು. ಮೊದಲು ಮ್ಯಾನೇಜರನ ಹೆಸರು ತೆಗೆದರು, ಆಮೇಲೆ ನನ್ನದು. ನಡುವೆ ಉಸಿರು ತೆಗೆದುಕೊಳ್ಳಲಿಲ್ಲ.